ಮೂರನೇ ಹಾಡಿನಲ್ಲಿ

ಆಳೆತ್ತರದ ಸ್ಪೀಕರು ಎರಡು ತಂದಿದ್ದೆ, ಟೆಂಪೋದಿಂದ ಇಳಿಸಗೊಡಲಿಲ್ಲ.
"ಇವತ್ತು ಕರೆಂಟು ಬೇಡಪ್ಪ, ಮರ ಸಾಕು."
ಡೆನ್ಜಿಲ್ ರೋಜಾರಿಯೊ, ವಯಸ್ಸು ಎಪ್ಪತ್ತೊಂದು.
ಒಂದು ಕಾಲಕ್ಕೆ ಇದೇ ಊರ್ಗಾಂ ಹಾಲಿನಲ್ಲಿ
ಗಿಟಾರನ್ನು ಹಲ್ಲಿನಿಂದ ನುಡಿಸಿ, ಫ್ಯೂಜು ಹಾರಿಸಿ
ಮೂರು ಲೈನು ಮನೆಗಳನ್ನು ಕತ್ತಲಲ್ಲಿಟ್ಟವನು.
ಈಗ ಮಂಡಿ ನೋವು. ಪ್ಲಾಸ್ಟಿಕ್ ಕುರ್ಚಿ.

ಗಿಟಾರಿನ ಹೊಟ್ಟೆಗೊಂದು ಮೈಕು, ಬಾಯಿಗೊಂದು.
ಮೂರನೆಯದನ್ನು ನಾನೇ ಜನರ ಕಡೆ ತಿರುಗಿಸಿದೆ,
ಚಪ್ಪಾಳೆಗಿರಲಿ ಅಂತ.

ನಮ್ಮೂರಲ್ಲಿ ರಾಕ್ ಅಂದರೆ ಮೊದಲು ಬೇರೆಯೇ ಇತ್ತು.
ನಡುರಾತ್ರಿ ನೆಲದಡಿ ಬಂಡೆ ಸಿಡಿದರೆ
ಗೂಡಿನ ತಟ್ಟೆಗಳು ಒಂದಕ್ಕೊಂದು ತಾಗಿ
ಹೆಂಗಸರೆಲ್ಲ ಎದ್ದು ಕೂತು
ಯಾರ ಮನೆಯವರು ಯಾವ ಪಾಳಿ ಅಂತ
ಬೆರಳು ಮಡಿಸುತ್ತಿದ್ದರು.
ಆಮೇಲೆ ಇವನು ಬಂದ, ಹೆಗಲ ತನಕ ಕೂದಲು,
ಇದೂ ರಾಕೇ ಅಂದ.
ನಮ್ಮಜ್ಜಿ ನಂಬಲಿಲ್ಲ. ತಟ್ಟೆ ಅಲುಗಲಿಲ್ಲವಲ್ಲ.

ನಲವತ್ತು ಜನ ಇದ್ದರೇನೋ.
ಬ್ಲೂಸ್ ಅಂದರೇನು ಅಂಕಲ್, ಮುಂದೆ ಕೂತ ಹುಡುಗ ಕೇಳಿದ.
"ಒಂದೇ ಮಾತು ಎರಡು ಸಲ ಹೇಳೋದು.
ಮೂರನೇ ಸಲ, ಯಾಕೆ ಅಂತ ಹೇಳೋದು."
ಹುಡುಗ ಫೋನು ನೋಡತೊಡಗಿದ.

ಸ್ಲೈಡು ಬಸ್ಸಿನಲ್ಲೇ ಉಳಿದಿತ್ತು, ಬಂಗಾರಪೇಟೆಯ ಆಚೆ ಎಲ್ಲೋ.
ಬೆರಳಿಗೆ ತೊಡುವ ಗಾಜಿನ ಕೊಳವೆ. ಅದಿಲ್ಲದಿದ್ದರೆ
ತಂತಿ ಬರೀ ಮಾತಾಡುತ್ತದೆ.
ಯಾರ ಹತ್ತಿರವಾದರೂ ಚಿಕ್ಕ ಬಾಟಲಿ ಇದೆಯಾ?
ಹಿಂದಿನ ಸಾಲಿನಿಂದ ಯೇಸುಪಾದಂ ಎದ್ದ,
ಚಾಂಪಿಯನ್ ರೀಫಿನಲ್ಲಿ ಇಪ್ಪತ್ತಾರು ವರ್ಷ ಡ್ರಿಲ್ಲು ಹಿಡಿದವನು,
ಎದೆಯ ತುಂಬ ಕಲ್ಲಿನ ಹಿಟ್ಟು.
ಜೇಬಿನ ಕೆಮ್ಮಿನೌಷಧಿ ತೆಗೆದು
ಉಳಿದ ಎರಡು ಗುಟುಕು ಕುಡಿದು
ಬಾಟಲಿಯ ಕತ್ತನ್ನು ಲುಂಗಿಯಲ್ಲೊರೆಸಿ
ವೇದಿಕೆಗೆ ನೀಡಿದ.

ಮೊದಲೆರಡು ಹಾಡು ಅಂಟಂಟು.
ಮೂರನೆಯದರಲ್ಲಿ ಆ ಗಾಜು ತಂತಿಯ ಮೇಲೆ ಜಾರಿ
ಸ್ವರಕ್ಕೂ ಸ್ವರಕ್ಕೂ ನಡುವೆ
ಹೆಸರಿಲ್ಲದ ಒಂದು ಜಾಗಕ್ಕೆ ಬಂದು ನಿಂತಿತು.
ಮೇಲೆ ಬರುವ ಕೇಜು ಅರ್ಧದಾರಿಯಲ್ಲಿ ನಿಂತು
ತೂಗುತ್ತದಂತೆ, ಹಾಗೆ.
(ನಾನು ಇಳಿದವನಲ್ಲ. ಅಪ್ಪ ಹೇಳಿದ್ದು.)
ಹೊರಗೊಂದು ಆಟೋ ಹೋಯಿತು. ಹೋಗಲಿ ಅಂತ ಬಿಟ್ಟೆ.

ಆಗ ಯೇಸುಪಾದಂ ಕೆಮ್ಮಿದ.
ಎರಡು ಗುಟುಕು ಎಷ್ಟು ಹೊತ್ತು ತಡೆದೀತು?
ಡೆನ್ಜಿಲ್ ನಿಲ್ಲಿಸಲಿಲ್ಲ, ಕಾದ.
ಬರೀ ಪಾದದಲ್ಲಿ ತಾಳ. ಕೆಮ್ಮು ಮುಗಿದ ಮೇಲೆ
ಬಿಟ್ಟಲ್ಲಿಂದಲೇ ಮೆಲ್ಲಗೆ ಇಳಿದ.

ತೆಗೆದುಬಿಡಿ ಅದನ್ನು, ಅಂದರು ಆಲ್ಬಮ್ಮು ಹೊರತಂದವರು.
"ಅವನ ಬಾಟಲಿ. ಅವನೂ ಇರಲಿ," ಅಂದ ಡೆನ್ಜಿಲ್.
ಮುನ್ನೂರು ಪ್ರತಿ. ರಟ್ಟಿನ ಹಿಂದೆ
ನನ್ನ ಹೆಸರೂ ಇದೆ, ಒಂದಕ್ಷರ ತಪ್ಪಾಗಿ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ ಯೇಸುಪಾದಂ ಹೋದ.
ಜನವರಿಯಲ್ಲಿ ಸಲೋಮಿಯಮ್ಮ ಅಂಗಡಿಗೆ ಬಂದರು,
ಸೆರಗಿನಲ್ಲಿ ಬಟನ್ ಮೊಬೈಲು.
"ಹಾಡು ಬೇಡ. ನಡುವೆ ಅವರಿದ್ದಾರಂತಲ್ಲ,
ಅದಷ್ಟು ಹಾಕಿಕೊಡು."
ಹಾಕಿದೆ. ಹನ್ನೊಂದು ಸೆಕೆಂಡು.
ಕಿವಿಗಿಟ್ಟುಕೊಂಡರು. ಇನ್ನೊಂದು ಸಲ ಇಟ್ಟುಕೊಂಡರು.

"ಎರಡೇ ಇದೆ," ಅಂದರು.
"ಅವರದು ಯಾವಾಗಲೂ ಮೂರು.
ಎರಡು ಸಣ್ಣದು.
ಮೂರನೆಯದಕ್ಕೆ ನಾನು ನೀರು ತರೋಳು."

ಕತ್ತರಿಸಿದ್ದು ನಾನೇ. ಡೆನ್ಜಿಲ್‌ಗೂ ಹೇಳಿರಲಿಲ್ಲ.
ಮುಳ್ಳು ಕೆಂಪಿಗೆ ಹೋಗಿತ್ತು, ತುಂಬ ಉದ್ದ ಇತ್ತು,
ಕೇಳುವವರಿಗೆ ಯಾಕೆ ಅಂತ.

ನಾಳೆ ಬನ್ನಿ ಅಂದೆ. ನಾಳೆ ಅಂತ ಮೂರು ಸಲ ಅಂದಾಯಿತು.
ಶಟರು ಅರ್ಧ ಎಳೆದು
ಹಳೇ ಡಿಸ್ಕುಗಳನ್ನು ಒಂದೊಂದೇ ಸಿಕ್ಕಿಸಿ ನೋಡುತ್ತಿದ್ದೇನೆ.
ಮದುವೆ, ನಾಮಕರಣ, ಸೋತ ಪಕ್ಷದ ಭಾಷಣ,
ಯಾರದೋ ಸುವಾರ್ತೆ ಕೂಟ, ಮತ್ತೆ ಮದುವೆ.
ಗಾಳಿ ಎದ್ದಿದೆ. ಸೈನೈಡ್ ದಿಬ್ಬದ ಬಿಳಿ ದೂಳು
ಶಟರಿನಡಿ ನುಸುಳಿ ಒಳಗೆ ಬರುತ್ತಿದೆ.
ಗಂಟಲು ಕೆರೆಯುತ್ತಿದೆ ನನಗೂ.
ಹೆಡ್‌ಫೋನು ಹಾಕಿಕೊಂಡಿದ್ದೇನಲ್ಲ,
ತಡೆದುಕೊಂಡಿದ್ದೇನೆ.